ಆಚೆ ಯಾರ ಮನೆಗೆ?

ಮಧುಗಿರಿ ಬೆಟ್ಟದ ಬುಡದಲ್ಲಿ ಹುಟ್ಟಿದವನು ನಾನು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಇದೂ ಒಂದು ಅಂತ ನಮ್ಮ ಕಡೆಯವರೆಲ್ಲ ಪರಊರಿನವರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಎದೆಯುಬ್ಬಿಸುವುದಷ್ಟೇ ನನ್ನ ಪಾಲಿಗೆ ಬಂದದ್ದು. ಅರವತ್ತು ದಾಟಿದರೂ ಆ ಬೆಟ್ಟ ಹತ್ತಿಲ್ಲ. ಬೆಟ್ಟ ಹಾಗಿರಲಿ, ಮನೆಯಲ್ಲಿ ಬಲ್ಬ್ ಸುಟ್ಟರೆ ನಾನು ಸ್ಟೂಲ್ ಹತ್ತುವುದೇ ಒಂದು ಸಮಾರಂಭ. ಒಬ್ಬರು ಸ್ಟೂಲಿನ ಕಾಲು ಹಿಡಿಯಬೇಕು, ಒಬ್ಬರು ನನ್ನ ಕಾಲು ಹಿಡಿಯಬೇಕು, ಮೂರನೆಯವರು ಕೆಳಗಿನಿಂದ ಬಲ್ಬ್ ಕೊಡಬೇಕು. ಕಡೆಗೆ ಆ ಮೂರನೆಯವರೇ "ಸಾಕು, ಇಳೀರಿ" ಅಂತ ಗದರಿಸಿ, ತಾವೇ ಹತ್ತಿ, ಬಲ್ಬ್ ಹಾಕಿ, ಹಾಗೇ ಅಟ್ಟದ ಮೇಲಿನ ಧೂಳನ್ನೂ ಒರೆಸಿ ಇಳಿಯುತ್ತಾರೆ. ಮೂರನೆಯವರು ಯಾರೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ನಾನು ತೂಗುಸೇತುವೆ ನೋಡಲು ಹೋದದ್ದು ಗೆಳೆಯನ ದೆಸೆಯಿಂದ. ತುಮಕೂರಿನ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಪಕ್ಕದ ಕೌಂಟರಿನಲ್ಲಿ ಕೂತಿದ್ದವನು ಅವನು, ಸುಳ್ಯದ ಕಡೆಯವನು. ಅಷ್ಟು ವರ್ಷವೂ ಮಳೆಗಾಲ ಬಂತೆಂದರೆ ಅವನದು ಒಂದೇ ರಾಗ: "ಇದು ಮಳೆಯಾ ಮಾರಾಯ? ನಮ್ಮೂರಿಗೆ ಬಾ, ತೋರಿಸ್ತೇನೆ." ನಾವೂ ಬಿಡುತ್ತಿರಲಿಲ್ಲ, ನಮ್ಮ ಜಯಮಂಗಲಿಯ ಸುದ್ದಿ ಎತ್ತುತ್ತಿದ್ದೆವು. ನಮ್ಮ ಸೀಮೆಯಲ್ಲಿ ಸೇತುವೆಗೆ ಕೊರತೆಯಿಲ್ಲ, ಹೊಳೆಗೆ ಕೊರತೆ. ಸೇತುವೆಯ ಕೆಳಗೇ ಹುಡುಗರು ಕ್ರಿಕೆಟ್ ಆಡುತ್ತಾರೆ, ಮೇಲಿಂದ ಬಸ್ಸಿನವರು ಸ್ಕೋರು ಕೇಳುತ್ತಾರೆ. ಎರಡು ದಡಕ್ಕೂ ಅಂಥ ವ್ಯತ್ಯಾಸವೇನೂ ಇಲ್ಲದ ಊರಿನಲ್ಲಿ ಬೆಳೆದ ನನಗೆ 'ಆಚೆ ದಡ' ಎಂಬ ಮಾತಿಗೆ ದಾಸರ ಪದಗಳಲ್ಲಿ ಬರುವ ಅರ್ಥ ಬಿಟ್ಟರೆ ಬೇರೆ ಅರ್ಥ ಇರಲಿಲ್ಲ.

2017ರ ನವೆಂಬರಿನಲ್ಲಿ ಅವನ ಮಗಳ ಮದುವೆಗೆ ಸಂಸಾರ ಸಮೇತ ಹೋದೆವು. ಮದುವೆ ಮುಗಿದ ಮರುದಿನ ಬೆಳಿಗ್ಗೆ, ಉಳಿದ ಹೋಳಿಗೆಯನ್ನು ತಿಂಡಿ ಎಂಬ ಹೆಸರಿನಲ್ಲಿ ನಾಲ್ಕನೆಯ ಸಲ ತಿನ್ನುತ್ತಿರುವಾಗ ಗೆಳೆಯ ಹೇಳಿದ, "ಇಲ್ಲೇ ಹತ್ತಿರ ಅರಂಬೂರಿನಲ್ಲಿ ತೂಗುಸೇತುವೆ ಉಂಟು. ಮಡಿಕೇರಿ ರಸ್ತೆ. ಹೋಗಿ ಬರುವಾ. ಐತಿಹಾಸಿಕ."

"ಯಾವ ರಾಜರು ಕಟ್ಟಿಸಿದ್ದು?"

"ರಾಜನೂ ಇಲ್ಲ, ಮಂತ್ರಿಯೂ ಇಲ್ಲ. ನಮ್ಮ ಸುಳ್ಯದ ಎಂಜಿನಿಯರು ಕಟ್ಟಿದ್ದು, 1989ರಲ್ಲಿ."

ನನಗೆ ನಗು ಬಂತು. 1989 ಇತಿಹಾಸವೇ? ಆ ವರ್ಷ ನಾನು ಸ್ಕೂಟರ್ ಕೊಂಡೆ. ಆಮೇಲೆ ನೆನಪಾಯಿತು, ಆ ಸ್ಕೂಟರ್ ಗುಜರಿಗೆ ಹೋಗಿ ಆಗಲೇ ಹದಿನೈದು ವರ್ಷ ಕಳೆದಿತ್ತು. ಅದನ್ನು ಒದ್ದು ಸ್ಟಾರ್ಟ್ ಮಾಡುತ್ತಿದ್ದ ಮೊಣಕಾಲೂ ಆಗಲೇ ಪುರಾತತ್ವ ಇಲಾಖೆಯ ಕಡೆ ಮುಖ ಮಾಡಿತ್ತು. ಇರಲಿ, ಐತಿಹಾಸಿಕವೇ ಎಂದು ಒಪ್ಪಿಕೊಂಡೆ.

ದಾರಿಯಲ್ಲಿ ಗೆಳೆಯ ಪಾಠ ಮಾಡಿದ. ಅವನ ಊರಿನ ಲೆಕ್ಕದಲ್ಲಿ ಸೇತುವೆ ಎಂದರೆ ಲಾರಿ ಹೋಗುವಂಥದ್ದು. ಮನುಷ್ಯರು ಹೋಗುವುದು ಸಂಕ. ಎರಡು ಅಡಿಕೆ ಮರ ಕಡಿದು ತೋಡಿಗೆ ಅಡ್ಡ ಹಾಕಿದರೆ ಸಂಕ ಆಯಿತು. ಹಿಡಿದುಕೊಳ್ಳಲು ಬದಿಗೊಂದು ಬಿದಿರು ಕಟ್ಟಿದರೆ ಅದು ಶ್ರೀಮಂತರ ಸಂಕ. ತೋಡಿಗೆ ಇದು ಸಾಕು, ಪಯಸ್ವಿನಿಯಂಥ ಹೊಳೆಗೆ ಎಲ್ಲಿ ಸಾಕು? ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಬರುವವಳು ಅವಳು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸಂಭಾವಿತಳಂತೆ ಹರಿಯುತ್ತಾಳೆ. ಜೂನ್ ಬಂತೆಂದರೆ ಗುರುತು ಸಿಗುವುದಿಲ್ಲ. ಕೆಂಪಗೆ ಉಕ್ಕಿ, ಬೇರುಸಮೇತ ಮರಗಳನ್ನು ಹೊತ್ತುಕೊಂಡು ಹೋಗುವಾಗ ಆಚೆಯವರು ಆಚೆಗೇ, ಈಚೆಯವರು ಈಚೆಗೇ. ಕೇರಳಕ್ಕೆ ಹೋದ ಮೇಲೆ ಚಂದ್ರಗಿರಿ ಎಂದು ಹೆಸರು ಬದಲಾಯಿಸಿಕೊಂಡು ಕಾಸರಗೋಡಿನ ಬಳಿ ಸಮುದ್ರ ಸೇರುತ್ತಾಳಂತೆ. ಹಿಂದಿನ ದಿನವಷ್ಟೇ ಮದುವೆ ಊಟ ಮಾಡಿದ ನನಗೆ, ಗಂಡನ ಮನೆಗೆ ಹೋಗುವ ಹುಡುಗಿಗೆ ಅಕ್ಕಿ ತಟ್ಟೆಯಲ್ಲಿ ಉಂಗುರದಿಂದ ಹೊಸ ಹೆಸರು ಬರೆಸುವ ಹಳೆಯ ಪದ್ಧತಿ ನೆನಪಾಯಿತು.

ಈ ಹೊಳೆಗೆ ಮೊದಲು ತೂಗುಸೇತುವೆ ಕಟ್ಟಿಕೊಟ್ಟವರು ಗಿರೀಶ್ ಭಾರದ್ವಾಜ್. ಮಂಡ್ಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಸುಳ್ಯದಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿದ್ದವರು. ಎಂಜಿನಿಯರ್ ಎಂದ ಮೇಲೆ ಎಂಜಿನಿಯರ್ ತಾನೆ ಎಂದು ಹಳ್ಳಿಯ ಜನ ಸೇತುವೆ ಮಾಡಿಕೊಡಿ ಎಂದು ಅವರ ಬಳಿ ಹೋದರಂತೆ. ಸಿವಿಲ್ ಬೇರೆ, ಮೆಕ್ಯಾನಿಕಲ್ ಬೇರೆ ಎಂಬ ಭೇದ ಹೊಳೆಗೆ ಗೊತ್ತಿಲ್ಲವಲ್ಲ, ಜನಕ್ಕೆ ಯಾಕೆ ಗೊತ್ತಿರಬೇಕು? ನಮ್ಮ ಆಫೀಸಿನಲ್ಲಾಗಿದ್ದರೆ "ಇದು ನಮ್ಮ ಸೆಕ್ಷನ್ ಅಲ್ಲ, ಏಳನೇ ಟೇಬಲ್‌ಗೆ ಹೋಗಿ" ಎನ್ನುತ್ತಿದ್ದೆವು. ನಾನೇ ಎಷ್ಟು ಜನಕ್ಕೆ ಅಂದಿದ್ದೇನೋ ಲೆಕ್ಕವಿಲ್ಲ. ಅವರು ಹಾಗೆ ಅನ್ನಲಿಲ್ಲ. ಊರವರ ದುಡಿಮೆ ಸೇರಿಸಿಕೊಂಡು ಉಕ್ಕಿನ ಹಗ್ಗದಲ್ಲಿ ಕಟ್ಟಿಯೇ ಬಿಟ್ಟರು. ಕಾಂಕ್ರೀಟ್ ಸೇತುವೆಗಿಂತ ಖರ್ಚು ಎಷ್ಟೋ ಕಡಿಮೆ, ಕೆಲಸ ಕೆಲವೇ ತಿಂಗಳದ್ದು, ಹೊಳೆಯ ನಡುವೆ ಕಂಬ ಇಳಿಸುವ ರಗಳೆಯೂ ಇಲ್ಲ. ಒಂದು ಆಯಿತು, ಪಕ್ಕದ ಊರಿನವರು ಬಂದರು, ಆಚೆ ಜಿಲ್ಲೆಯವರು ಬಂದರು. ಕರ್ನಾಟಕ ದಾಟಿ ಕೇರಳ, ಆಂಧ್ರ, ಒಡಿಶಾ ಎಂದು ಲೆಕ್ಕ ನೂರು ದಾಟಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾವು ಹೋದದ್ದೂ ಅದೇ ವರ್ಷವಾದ್ದರಿಂದ ಗೆಳೆಯನ ಮಾತಿನಲ್ಲಿ ಆ ಪ್ರಶಸ್ತಿಯ ಒಂದು ಪಾಲು ಅವನಿಗೂ ಸೇರಿದಂತೆ ಕೇಳುತ್ತಿತ್ತು.

ಕಾರು ನಿಂತಿತು. ಅಡಿಕೆ, ತೆಂಗು, ನಡುವೆ ಇಳಿದು ಹೋಗುವ ಕಾಲುದಾರಿ. ದಾರಿಯ ತುದಿಯಲ್ಲಿ ಎತ್ತರದ ಗೋಪುರ, ಅದರ ಹೆಗಲ ಮೇಲಿಂದ ಇಳಿಬಿದ್ದ ಉಕ್ಕಿನ ಹಗ್ಗಗಳು, ಅವುಗಳಿಂದ ಸಾಲಾಗಿ ಇಳಿದ ಕಂಬಿಗಳು, ಕಂಬಿಗಳಿಗೆ ನೇತುಬಿದ್ದು ಆಚೆ ದಡದ ಹಸಿರಿನೊಳಗೆ ಹೋಗಿ ಕಾಣೆಯಾಗುವ ಕಿರಿದಾದ ಹಾದಿ. ನೋಡಲು ಬಲು ಚೆಂದ. ನೋಡಿ ವಾಪಸು ಹೋಗುವ ಹಾಗಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

"ಹೆದರ್ಲಿಕ್ಕೆ ಎಂತ ಉಂಟು?" ಎಂದು ಗೆಳೆಯ ಮುಂದೆ ಬಂದು ವಿವರಿಸಿದ. "ಬಟ್ಟೆ ಒಣಗಿಸುವ ಹಗ್ಗ ನೋಡಿದ್ದಿಯಲ್ಲ? ಅದೇ."

ನನ್ನ ಧೈರ್ಯ ಅಲ್ಲಿಗೇ ಅರ್ಧ ಇಳಿಯಿತು. ನಮ್ಮ ಮನೆಯ ಬಟ್ಟೆ ಹಗ್ಗದ ಚರಿತ್ರೆ ನನಗೆ ಗೊತ್ತು. ಇಳಿಬಿಟ್ಟ ಸರಪಳಿಯ ಬಾಗು ಎಂಥದ್ದು ಎಂದು ಯೂರೋಪಿನ ಘಟಾನುಘಟಿ ಗಣಿತಜ್ಞರು ತಲೆ ಕೆಡಿಸಿಕೊಂಡು 1691ರಲ್ಲಿ ಉತ್ತರ ಕಂಡುಹಿಡಿದರೆಂದು ಎಲ್ಲೋ ಓದಿದ್ದೆ. ಹ್ಯೂಜೆನ್ಸ್, ಲೈಬ್ನಿಟ್ಸ್, ಬರ್ನೂಲಿ, ಮೂವರೂ ಹಿತ್ತಲಿನಲ್ಲಿ ಒದ್ದೆ ಪಂಚೆ ಒಣಹಾಕಿದವರಲ್ಲ ಎಂದು ಕಾಣುತ್ತದೆ. ಹಾಕಿದ್ದರೆ ಬಾಗು ಯಾವುದಾದರೂ ಇರಲಿ, ಗೂಟ ಗಟ್ಟಿ ಇದೆಯೇ ಎಂಬುದೇ ಮುಖ್ಯ ಪ್ರಶ್ನೆ ಎಂದು ಮೊದಲ ದಿನವೇ ಗೊತ್ತಾಗುತ್ತಿತ್ತು.

ಗೆಳೆಯ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. ಗೋಪುರದ ಹಿಂದಕ್ಕೆ ಕರೆದುಕೊಂಡು ಹೋಗಿ, ಹಗ್ಗ ಗೋಪುರವನ್ನು ಹತ್ತಿ ಇಳಿದು ನೆಲ ಹೊಗುವ ಕಡೆ ತೋರಿಸಿದ. ಅಲ್ಲಿ ಹುಲ್ಲು ಬೆಳೆದಿತ್ತು, ಯಾರ ಗಮನಕ್ಕೂ ಬರುವಂಥ ಜಾಗವಲ್ಲ. ಫೋಟೋ ಹಿಡಿಸಿಕೊಳ್ಳುವುದು ಗೋಪುರ, ಜಗ್ಗಾಟ ತಡೆಯುವುದು ನೆಲದೊಳಗೆ ಹುಗಿದ ಈ ಆಂಕರ್. ನನಗೆ ಇದು ಕೂಡಲೇ ಅರ್ಥವಾಯಿತು. ಬ್ಯಾಂಕಿನ ವಾರ್ಷಿಕ ಕ್ರೀಡಾಕೂಟದ ಹಗ್ಗಜಗ್ಗಾಟದಲ್ಲಿ ನನ್ನ ಜಾಗ ಯಾವತ್ತೂ ಕಟ್ಟಕಡೆಗೆ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು, ಹಿಮ್ಮಡಿ ನೆಲಕ್ಕೆ ಊರಿ, ಹಿಂದಕ್ಕೆ ಒರಗಿದರೆ ಆಯಿತು. ಬೇರೆ ಯಾವ ಕೌಶಲವೂ ಬೇಡ, ತೂಕ ಒಂದಿದ್ದರೆ ಸಾಕು. ಕಪ್ ಇಸಕೊಳ್ಳುವಾಗ ಮುಂದೆ ನಿಲ್ಲುವವರು ಬೇರೆಯವರೇ. ಆ ಆಂಕರಿನ ಮೇಲೆ ನನಗೆ ಒಂದು ಬಗೆಯ ಬಂಧುತ್ವ ಹುಟ್ಟಿತು. ಆದರೂ ಕಾಲು ಮುಂದಕ್ಕೆ ಹೋಗಲಿಲ್ಲ.

"ಕೇರಳದ ಪುನಲೂರಿನಲ್ಲಿ 1877ರ ತೂಗುಸೇತುವೆ ಉಂಟು, ಕಲ್ಲಡ ಹೊಳೆಗೆ. ಇವತ್ತಿಗೂ ಜನ ನಡೀತಾರೆ," ಎಂದ ಗೆಳೆಯ. ಅವನು ಅಯ್ಯಪ್ಪನ ಮಾಲೆ ಹಾಕಿದ ವರ್ಷ ಆರ್ಯಂಕಾವಿಗೆ ಹೋಗುವಾಗ ನೋಡಿದ್ದನಂತೆ. ಕಟ್ಟಿದವನು ಆಲ್ಬರ್ಟ್ ಹೆನ್ರಿ ಎಂಬ ಬ್ರಿಟಿಷ್ ಎಂಜಿನಿಯರ್. ಕಟ್ಟಿ ಮುಗಿದ ಮೇಲೆ ಜನ ನಂಬಲಿಲ್ಲ. ಆಗ ಆತ ಆರು ಆನೆಗಳನ್ನು ಸೇತುವೆಯ ಮೇಲೆ ನಡೆಸಿ, ತಾನು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲಿ ಕೂತು ಸರಿಯಾಗಿ ಅದರ ಕೆಳಗೇ ಹೋದನಂತೆ. ಅಲ್ಲಿಯವರು ಹೇಳುವ ಕತೆ ಇದು. ನಿಜವೋ ಸುಳ್ಳೋ, ಕತೆಯ ಆನೆಗಳಾದರೂ ಇಷ್ಟು ವರ್ಷದಿಂದ ಬೀಳದೆ ನಡೆಯುತ್ತಿವೆ.

ಪುನಲೂರು ಎಂಬ ಹೆಸರು ಕೇಳಿ ನನ್ನೊಳಗಿನ ಅರೆ ಪಂಡಿತ ಎದ್ದ. "ಪುನಲ್ ಅಂದರೆ ನಮ್ಮ ಹಳಗನ್ನಡದ ಪೊನಲ್ ಕಣೋ. ಹೊನಲು! ಹೊನಲೂರು ಅಂತ ಆಯ್ತು" ಎಂದು ಪಕಾರ ಹಕಾರಗಳ ಕಡೆಗೆ ಹೊರಳಿ ಹೊತ್ತು ಕಳೆಯಲು ನೋಡಿದೆ. ಹೆಂಡತಿಗೆ ನನ್ನ ಈ ವಿದ್ಯೆ ಹಳೆಯದು. ಅವಳು ಮದುವೆಗೆ ಉಟ್ಟ ರೇಷ್ಮೆ ಸೀರೆಯನ್ನು ಇನ್ನೊಂದು ದಿನ ಮೆರೆಸುವ ಸಲುವಾಗಿ ಅದನ್ನೇ ಉಟ್ಟು ಬಂದಿದ್ದಳು. ನೆರಿಗೆ ಎತ್ತಿ ಹಿಡಿದು ಸೇತುವೆ ಕಡೆ ಹೊರಟಳು.

"ನಾನು ಸೇತುವೆ ಕಟ್ಟಿದ್ದರೆ ನೀನು ದೋಣೀಲಿ ಕೂರ್ತಿದ್ದೆಯಾ?" ಎಂದೆ, ಹಿಂದಿನಿಂದ.

"ನೀವು ಹೊಡೆದ ಮೊಳೆಗೆ ಕ್ಯಾಲೆಂಡರ್ ಹಾಕಿ ಅದರ ಕೆಳಗೇ ನಾನು ನಿಲ್ಲಲ್ಲ," ಎಂದವಳು ತಿರುಗಿಯೂ ನೋಡದೆ ನಡೆದುಬಿಟ್ಟಳು. ಗೆಳೆಯನಿಗೆ ಅಷ್ಟರಲ್ಲಿ ಅಡುಗೆಯವರ ಫೋನು ಬಂತು. ಬಾಡಿಗೆ ಪಾತ್ರೆಯಲ್ಲಿ ಎರಡು ಸೌಟು ಕಮ್ಮಿ ಬಂದಿವೆಯಂತೆ. ಅವನು ಸೌಟಿನ ಲೆಕ್ಕಕ್ಕೆ ಮರದಡಿ ಕೂತ. ಸೇತುವೆಯ ಬಾಯಲ್ಲಿ ಉಳಿದವನು ನಾನೊಬ್ಬ.

ಹೆಜ್ಜೆ ಇಟ್ಟೆ. ಮೊದಲ ಹತ್ತು ಹೆಜ್ಜೆ ಏನೂ ಆಗಲಿಲ್ಲ. ಆಗದಿರುವುದೇ ಅನುಮಾನಕ್ಕೆ ಕಾರಣವಾಯಿತು. ಹನ್ನೊಂದನೆಯದಕ್ಕೆ ಹಾದಿ ಕಾಲಿಗೆ ಮಾರುತ್ತರ ಕೊಟ್ಟಿತು. ನಾನು ಕಾಲು ಇಡುವ ಮೊದಲೇ ಅದು ಮೇಲೆ ಬಂದು ಕಾಲನ್ನು ಮುಟ್ಟಿತು, ಅಪರಿಚಿತರು ಕೈಕುಲುಕಲು ತಾವಾಗಿ ಮುಂದೆ ಬಂದ ಹಾಗೆ. ಎರಡೂ ಕೈಯಲ್ಲಿ ಬದಿಯ ಹಗ್ಗ ಹಿಡಿದೆ. ಉಕ್ಕಿನ ಎಳೆಗಳನ್ನು ಜಡೆಯಂತೆ ಹುರಿಮಾಡಿದ ಹಗ್ಗ, ಬೆಳಗಿನ ಇಬ್ಬನಿಗೆ ತಣ್ಣಗಿತ್ತು. ಕಿವಿ ಕೊಟ್ಟರೆ ದೂರದಲ್ಲೆಲ್ಲೋ ಹೆಂಡತಿ ಇಡುತ್ತಿದ್ದ ಹೆಜ್ಜೆ ಅದರೊಳಗಿಂದ ನನ್ನ ಅಂಗೈಗೆ ಬಂದು ತಿಳಿಯುತ್ತಿತ್ತು. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವಳ ನಡೆ ನನಗೆ ಇಷ್ಟು ಸ್ಪಷ್ಟವಾಗಿ ತಲುಪಿದ್ದು ಅದೇ ಮೊದಲು. ಕೆಳಗೆ ನೋಡಬೇಡ ಎಂದು ಹೇಳಿದ್ದರು, ನೋಡಿದೆ. ಮಳೆಗಾಲ ಕಳೆದ ಪಯಸ್ವಿನಿ ತಿಳಿಯಾಗಿ, ಬಂಡೆಗಳನ್ನು ಬಳಸಿಕೊಂಡು ಹೋಗುತ್ತಿದ್ದಳು. ನೀರು ಒಂದು ಕಡೆಗೆ ಹರಿಯುವುದನ್ನೇ ನೋಡುತ್ತಿದ್ದರೆ ಸೇತುವೆಯೇ ಇನ್ನೊಂದು ಕಡೆಗೆ ಹೊರಟಂತೆ ಅನಿಸುತ್ತದೆ. ಟಿಕೆಟ್ ಇಲ್ಲದೆ ಮಡಿಕೇರಿಗೆ ಹೊರಟವನಂತೆ ಹಗ್ಗ ಹಿಡಿದು ನಿಂತೆ.

ಇಲ್ಲಿ ನನ್ನ ಓದು ನನಗೆ ಶತ್ರುವಾಯಿತು. ಬೆಳಿಗ್ಗೆ ಗೆಳೆಯ ಸೇತುವೆಯ ಸುದ್ದಿ ಎತ್ತಿದ ಮೇಲೆ, ಹೊರಡುವ ಮೊದಲು ಮೊಬೈಲಿನಲ್ಲಿ ತೂಗುಸೇತುವೆಗಳ ವಿಷಯ ಓದಿದ್ದೆ. 1831ರಲ್ಲಿ ಮ್ಯಾಂಚೆಸ್ಟರ್ ಹತ್ತಿರದ ಬ್ರೌಟನ್ ಎಂಬಲ್ಲಿ 74 ಮಂದಿ ಸೈನಿಕರು ತೂಗುಸೇತುವೆಯ ಮೇಲೆ ನಡೆಯುತ್ತಿದ್ದಾಗ ಅವರ ಹೆಜ್ಜೆಯ ಲಯಕ್ಕೂ ಸೇತುವೆಯ ಓಲಾಟದ ಲಯಕ್ಕೂ ಕೂಡಿಬಂತು. ಸೇತುವೆ ಕುಣಿಯುವುದು ಮಜವಾಗಿದೆ ಎಂದು ಅವರು ಇನ್ನಷ್ಟು ತಾಳ ಹಾಕಿ ನಡೆದರಂತೆ. ಬೋಲ್ಟ್ ಕಿತ್ತು ಒಂದು ತುದಿ ಕುಸಿದು ಬಹಳ ಮಂದಿ ನೀರಿಗೆ ಬಿದ್ದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲ್ಲಿಂದ ಮುಂದೆ ಸೇತುವೆ ಬಂದರೆ ಹೆಜ್ಜೆ ತಪ್ಪಿಸಿ ನಡೆಯಿರಿ ಎಂದು ಬ್ರಿಟಿಷ್ ಸೈನ್ಯದಲ್ಲಿ ಅಪ್ಪಣೆಯಾಯಿತು. ಲಂಡನ್ನಿನಲ್ಲಿ 2000ದ ಜೂನಿನಲ್ಲಿ ತೆರೆದ ಹೊಸ ಕಾಲ್ಸೇತುವೆಯಂತೂ ಸೈನಿಕರಿಲ್ಲದೆಯೇ ಅಡ್ಡಡ್ಡ ತೂಗಿತು; ಅದು ಓಲಿದಂತೆ ಜನರೂ ಓಲಿ, ಜನ ಓಲಿದಂತೆ ಅದೂ ಓಲಿ, ಎರಡೇ ದಿನಕ್ಕೆ ಮುಚ್ಚಿದರು. ಸರಿಪಡಿಸಿ ತೆರೆಯಲು 2002 ಬರಬೇಕಾಯಿತು.

ನಾನು ಸೈನಿಕನಲ್ಲ ನಿಜ. ಆದರೆ ಹಗ್ಗಜಗ್ಗಾಟದ ಕಡೆಯ ಆಸಾಮಿ. ಯಾವುದಕ್ಕೂ ಇರಲಿ ಎಂದು ಹೆಜ್ಜೆ ತಪ್ಪಿಸಿ ನಡೆಯತೊಡಗಿದೆ. ಒಂದು ಎಡ, ಒಂದು ಬಲ, ಸ್ವಲ್ಪ ನಿಂತು, ಮತ್ತೆ ಬಲದ್ದನ್ನೇ ಚೂರು ಮುಂದಕ್ಕೆ, ಬಳಿಕ ಎಡದ್ದು ಎರಡು ಗಿಡ್ಡ ಹೆಜ್ಜೆ. ಹಾಗೆ ನಡೆಯುವುದು ಮಹಾ ಕಷ್ಟದ ಕೆಲಸ. ಸ್ವಲ್ಪ ಮೈಮರೆತರೆ ತಪ್ಪು ಹೆಜ್ಜೆಗೂ ಒಂದು ತಾಳ ಕೂಡಿಬಂದು, ಅಟ ತಾಳವೋ ಝಂಪೆಯೋ ಆಗಿಬಿಡುತ್ತದೆ.

"ಎಂತ, ಕಾಲಿಗೆ ಪೆಟ್ಟಾಗಿದಾ?"

ಹಿಂದಿನಿಂದ ದನಿ. ಹಗ್ಗ ಬಿಡದೆ ಕತ್ತು ಮಾತ್ರ ತಿರುಗಿಸಿದೆ. ಐವತ್ತರ ಆಸುಪಾಸಿನ ಹೆಂಗಸು. ತಲೆಯ ಮೇಲೆ ಅವರಿಗಿಂತ ಅಗಲವಾದ ಹುಲ್ಲಿನ ಹೊರೆ. ಹೊರೆಯ ಅಂಚಿಗೂ ಕಿವಿಗೂ ನಡುವೆ ಸಿಕ್ಕಿಸಿದ ಮೊಬೈಲು, ಅದರಲ್ಲಿ ಯಾರೊಂದಿಗೋ ಮಾತು ನಡೆದೇ ಇತ್ತು. ಎರಡು ಕೈಯೂ ಖಾಲಿ. ಖಾಲಿ ಕೈಯಲ್ಲಿ ಒಂದು ಸೊಂಟದ ಮೇಲಿತ್ತು, ಇನ್ನೊಂದು ಫೋನಿನಲ್ಲಿದ್ದವರಿಗೆ ಕಾಣದ ಅಭಿನಯ ಮಾಡುತ್ತಿತ್ತು.

"ಇಲ್ಲಕ್ಕ, ಸುಮ್ನೆ..." ಎಂದೆ.

"ಹೆದರ್ಬೇಡಿ, ಬೀಳುದಿಲ್ಲ. ಹೋಗಿ ಹೋಗಿ."

ದಾಟಿ ಹೋಗಿ ಎನ್ನೋಣವೆಂದರೆ ಹೊರೆಗೆ ಜಾಗವಿಲ್ಲ. ಆದ್ದರಿಂದ ನಾನು ಮುಂದೆ, ಹೊರೆ ಹಿಂದೆ. ಹಟ್ಟಿಗೆ ಹೊಡೆದುಕೊಂಡು ಹೋಗುವ ಹೋರಿಯ ಗತಿ ನನ್ನದು. ಎದುರಿಗೆ ಹುಲ್ಲು ಹಿಡಿದರೆ ಹೋರಿ ಬೇಗ ನಡೆಯುತ್ತದೆ. ಹಿಂದೆ ಹುಲ್ಲು ಬಂದರೂ ನಡೆಯುತ್ತದೆಂದು ಅಂದು ತಿಳಿಯಿತು. ಅವರು ನಡೆದಾಗ ಸೇತುವೆ ತೂಗುತ್ತಿತ್ತು, ಆದರೆ ತೂಗುವುದರೊಳಗೆ ಅವರು ಸೇರಿಕೊಂಡಿದ್ದರು, ತೊಟ್ಟಿಲ ಪಕ್ಕದಲ್ಲಿ ಕೂತು ತರಕಾರಿ ಹೆಚ್ಚುವವರ ಹಾಗೆ.

ಸರಿಯಾಗಿ ನಡುಮಧ್ಯಕ್ಕೆ ಬಂದಾಗ ಅವರ ಫೋನು ಮುಗಿಯಿತು.

"ಆಚೆ ಯಾರ ಮನೆಗೆ?"

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಸೇತುವೆಯ ಉದ್ದ, ವಯಸ್ಸು, ಬೋಲ್ಟುಗಳ ಆರೋಗ್ಯ ಎಲ್ಲ ವಿಚಾರಿಸಿದ್ದೆ. ಸೇತುವೆ ಎಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು, ಹೋಗುವುದಕ್ಕೆ ಅಲ್ಲೊಂದು ಮನೆ ಇರಬೇಕು ಎಂಬುದು ತಲೆಗೆ ಬಂದಿರಲಿಲ್ಲ. "ಯಾರ ಮನೆಗೂ ಇಲ್ಲ, ಸುಮ್ಮನೆ ಸೇತುವೆ ನೋಡಲು" ಎನ್ನಬಹುದಿತ್ತು. ಆದರೆ ತಲೆಯ ಮೇಲೆ ಇಪ್ಪತ್ತೈದು ಕಿಲೋ ಹೊತ್ತು ಮನೆಗೆ ಹೊರಟವರ ಮುಂದೆ, ಅವರ ದಾರಿಗೆ ಅಡ್ಡ ನಿಂತು, ಸುಮ್ಮನೆ ಬಂದೆ ಎನ್ನಲು ನಾಲಿಗೆ ಏಳಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ ಅಪರಿಚಿತನೊಬ್ಬ ಸೆಲ್ಫಿ ತೆಗೆಯುತ್ತ, ಏನೂ ಇಲ್ಲ ನಿಮ್ಮ ಪಡಸಾಲೆ ನೋಡಲು ಬಂದೆ ಎಂದರೆ ಹೇಗೆ?

"ಗೌಡರ ಮನೆಗೆ," ಎಂದುಬಿಟ್ಟೆ.

ಸುಳ್ಳು ಹೇಳಿದರೂ ಲೆಕ್ಕಾಚಾರದಿಂದಲೇ ಹೇಳಿದ್ದೆ. ಸುಳ್ಯದ ಕಡೆ ಗೌಡರ ಮನೆ ಎಂದರೆ ಬೆಂಗಳೂರಿನಲ್ಲಿ ಟೂ ಬಿಎಚ್‌ಕೆ ಎಂದ ಹಾಗೆ. ಯಾವ ದಿಕ್ಕಿಗೆ ಕಲ್ಲೆಸೆದರೂ ಒಂದಕ್ಕೆ ತಾಗುತ್ತದೆ ಎಂದು ಗೆಳೆಯ ಹೇಳಿದ್ದ. ಆದರೆ ಅದೇ ತೊಡಕಾಯಿತು.

"ಯಾವ ಗೌಡರು? ನಾವೂ ಗೌಡರೇ."

"ಅದೇ... ಅಡಿಕೆ ತೋಟ ಇದೆಯಲ್ಲ, ಅವರು."

"ಅಡಿಕೆ ತೋಟ ಇಲ್ಲದವ್ರು ಯಾರು?" ಎಂದವರು ಒಂದು ಕ್ಷಣ ಯೋಚಿಸಿ, ಆಚೆ ದಡದಲ್ಲಿ ರೇಷ್ಮೆ ಸೀರೆಯುಟ್ಟು ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದರು. ನೋಡಿದ್ದೇ ತಡ ಅವರಿಗೆ ಎಲ್ಲ ಹೊಳೆಯಿತು. "ಓ! ಹುಡುಗಿ ನೋಡ್ಲಿಕ್ಕೆ ಬಂದದ್ದಾ? ಹಾಗಾದ್ರೆ ಅಜ್ಜನ ಮನೆಗೇ. ಅವ್ರಿಗೆ ಎಲ್ಲ ಮನೆಯದ್ದೂ ಗೊತ್ತುಂಟು. ಬನ್ನಿ, ನಾನೇ ಬಿಡ್ತೇನೆ."

ಉಳಿದ ಅರ್ಧ ಸೇತುವೆಯನ್ನು ಹೇಗೆ ದಾಟಿದೆನೋ ತಿಳಿಯದು. ಬೀಳುವ ಭಯಕ್ಕಿಂತ ಸಿಕ್ಕಿಬೀಳುವ ಭಯ ದೊಡ್ಡದಾಗಿತ್ತು. ಹೆಜ್ಜೆಗಳು ಬ್ರೌಟನ್ ಸೈನಿಕರಿಗಿಂತ ಕಟ್ಟುನಿಟ್ಟಾಗಿ ಬಿದ್ದವು.

ದಡದಲ್ಲಿ ಹೆಂಡತಿ ಕೇಳಿದಳು, "ಯಾರ್ರೀ ಇವರು?"

"ನಡಿ, ಗೌಡರ ಮನೆಗೆ ಹೋಗ್ತಿದೀವಿ."

"ಯಾವ ಗೌಡರು?"

"ಅದು ಹೋದ ಮೇಲೆ ಗೊತ್ತಾಗತ್ತೆ."

ಹೆಂಗಸು ನಮ್ಮನ್ನು ಒಂದು ಅಂಗಳಕ್ಕೆ ತಂದು, "ಅಜ್ಜಾ, ನೆಂಟ್ರು!" ಎಂದು ಕೂಗಿ, ಹೊರೆಯೊಂದಿಗೆ ತೋಟದೊಳಗೆ ಮಾಯವಾದರು. ಅಂಗಳದ ತುಂಬ ಹೊಸ ಅಡಿಕೆ ಹರವಿತ್ತು, ಕಾಲಿಡಲು ಒಂದು ಗೇಣಿನ ದಾರಿ ಬಿಟ್ಟಿದ್ದರು. ಹಾದಿ ಸೇತುವೆಯಷ್ಟೇ ಕಿರಿದು, ಸದ್ಯ ತೂಗುತ್ತಿರಲಿಲ್ಲ. ಜಗಲಿಯಿಂದ ಎಂಬತ್ತರ ಅಜ್ಜ ಎದ್ದು ನಿಂತರು. "ಬನ್ನಿ ಬನ್ನಿ, ಕೂತ್ಕೊಳ್ಳಿ." ಒಳಗಿಂದ ಹಿತ್ತಾಳೆ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಬಂತು. ಬಂದವರು ಯಾರು, ಏಕೆ ಬಂದರು ಎಂದು ಕೇಳುವ ಪದ್ಧತಿ ಅಲ್ಲಿ ಬೆಲ್ಲ ನೀರಿಗಿಂತ ಮೊದಲು ಇಲ್ಲ. ಆಮೇಲೂ ಅವಸರವಿಲ್ಲ. ಚಾ ಬಂತು, ಹಲಸಿನ ಹಪ್ಪಳ ಬಂತು. ಅಜ್ಜ ನಮ್ಮ ಕಡೆ ಮಳೆ ಹೇಗೆ ಎಂದು ಕೇಳಿ, ನನ್ನ ಉತ್ತರಕ್ಕೆ ಸಂತಾಪ ಸೂಚಿಸಿದರು. ಅಡಿಕೆಗೆ ಹಳದಿ ಎಲೆ ರೋಗ ಹಿಡಿದು ತೋಟದ ಒಂದು ಮಗ್ಗುಲೇ ಹೋದದ್ದನ್ನು ಹೇಳಿದರು. ನಾನು ಹಪ್ಪಳವನ್ನು ಸದ್ದಾಗದಂತೆ ತಿನ್ನುವ ಅಸಾಧ್ಯ ಪ್ರಯತ್ನದಲ್ಲಿ ತೊಡಗಿದ್ದೆ. ಹೆಂಡತಿ ನನ್ನನ್ನು ನೋಡುತ್ತಿದ್ದ ನೋಟಕ್ಕೆ ಆಂಕರ್ ಕೂಡ ಕಿತ್ತು ಬರುತ್ತಿತ್ತು.

"ಹಾಂ, ಎಂತ ಬಂದದ್ದು?" ಎಂದರು ಅಜ್ಜ ಕೊನೆಗೆ.

ಅವರ ಬೆಲ್ಲ ತಿಂದು ಇನ್ನೊಂದು ಸುಳ್ಳು ಹೇಳುವುದಾಗಲಿಲ್ಲ. "ಸೇತುವೆ ನೋಡೋಕೆ ಬಂದದ್ದು ಅಜ್ಜ," ಎಂದೆ.

ಅಜ್ಜ ನನ್ನನ್ನೂ ಹೆಂಡತಿಯನ್ನೂ ನೋಡಿ, ಬಾಗಿಲ ಕಡೆ ಕೈ ತೋರಿಸಿದರು. "ಸೇತುವೆ ಅಲ್ಲಿ ಉಂಟಲ್ಲ? ಇಲ್ಲಿಗೆ ಎಂತ ಬಂದ್ರಿ?"

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕದ್ದು ಕೇಳಿ ಒಳಗಿನಿಂದ ಅಜ್ಜಿ ಬಂದರು. ಎಲ್ಲ ಹೇಳಿಕೊಂಡೆ: ಸ್ಟೂಲು, ಹೊರೆ, ಯಾರ ಮನೆಗೆ ಎಂಬ ಪ್ರಶ್ನೆ. ಅಜ್ಜ ಬೇಸರ ಪಡಲಿಲ್ಲ. ಬದಲಿಗೆ ಖುಷಿಯಿಂದ ಕಾಲು ಮಡಚಿ ಕೂತರು.

"ಆ ಸೇತುವೇಲಿ ಒಂದಿಷ್ಟು ಬುಟ್ಟಿ ಮರಳು ನಾನು ಹೊತ್ತದ್ದುಂಟು. ಯಾವ ಬದಿಯ ಕಂಬದಲ್ಲಿ ಅಂತ ಕೇಳ್ಬೇಡಿ." ಸೇತುವೆ ಇಲ್ಲದ ಕಾಲದಲ್ಲಿ ಮಳೆಗಾಲಕ್ಕೆ ಉಪ್ಪಿನಿಂದ ಹಿಡಿದು ಸೀಮೆಎಣ್ಣೆಯವರೆಗೆ ಎಲ್ಲವನ್ನೂ ಮೇ ತಿಂಗಳಲ್ಲೇ ತಂದು ಪೇರಿಸಿಕೊಳ್ಳಬೇಕಿತ್ತಂತೆ. ಜ್ವರ ಬಂದರೆ ಹೊಳೆ ಇಳಿದಿದೆಯೇ ಎಂದು ನೋಡಿ ಬರಬೇಕಿತ್ತಂತೆ. ಇಷ್ಟು ಹೇಳಿದ ಮೇಲೆ ತಮ್ಮ ಮದುವೆಯ ಕತೆ ತೆಗೆದರು. ಮೇ ತಿಂಗಳ ಕಡೆ, ಆ ವರ್ಷ ಮಳೆ ಮೊದಲೇ ಹಿಡಿಯಿತು. ಹೆಣ್ಣಿನ ಕಡೆಯ ದಿಬ್ಬಣ ಬಂದು ಆಚೆ ದಡದಲ್ಲಿ ನಿಂತಿತು, ಗಂಡಿನ ಕಡೆಯವರು ಈಚೆ ದಡದಲ್ಲಿ. ನಡುವೆ ಕೆಂಪು ನೀರು. ದೋಣಿಯವನು ಬಿಲ್‌ಕುಲ್ ಆಗುವುದಿಲ್ಲ ಎಂದ. ಮುಹೂರ್ತ ಹೋಯಿತು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಮದುಮಗ ಇಲ್ಲಿ, ಮದುಮಗಳು ಅಲ್ಲಿ, ಒಬ್ಬರನ್ನೊಬ್ಬರು ನೋಡುತ್ತ ನಿಂತದ್ದೇ ನಿಂತದ್ದು.

"ಅಷ್ಟು ಹೊತ್ತು ಅವಳು ನನ್ನ ನೋಡಿದ್ದು ಅದೇ ಕಡೆ," ಎಂದರು ಅಜ್ಜ. "ಆಮೇಲೆ ಇವತ್ತಿನವರೆಗೆ ನೋಡ್ಲಿಲ್ಲ."

"ಇವ್ರನ್ನು ಯಾರು ನೋಡಿದ್ದು?" ಎಂದರು ಅಜ್ಜಿ, ಚಾ ಲೋಟ ಎತ್ತುತ್ತ. "ನಾನು ಹೊಳೆ ಇಳಿತದಾ ಅಂತ ನೋಡಿದ್ದು."

ಹೊರಡುವಾಗ ಅಜ್ಜ ತೋಟದಿಂದ ಒಂದು ಕದಳಿ ಬಾಳೆಗೊನೆ ಕಡಿಸಿ ತಂದು ನನ್ನ ತೋಳಿಗೇ ಕೊಟ್ಟರು. ಬೇಡವೆಂದರೆ ಕೇಳುವವರಲ್ಲ. ಹೆಂಡತಿಯ ಕೈಗೆ ಅಜ್ಜಿ ಹಪ್ಪಳದ ಕಟ್ಟು ಮತ್ತು ಎರಡು ತೆಂಗಿನಕಾಯಿ ಕೊಟ್ಟರು. ಸೇತುವೆಯ ಬಾಯಿಗೆ ಬಂದಾಗಲೇ ನನಗೆ ಗೊತ್ತಾದದ್ದು, ಗೊನೆ ಹಿಡಿದುಕೊಳ್ಳಲು ನನಗೆ ಎರಡೂ ಕೈ ಬೇಕು. ಹಗ್ಗ ಹಿಡಿಯಲು ದೇವರು ಮೂರನೆಯದನ್ನು ಕೊಟ್ಟಿಲ್ಲ. ನೆಲಕ್ಕಿಟ್ಟು ಬರುವಂತಿಲ್ಲ, ಜಗಲಿಯಲ್ಲಿ ಅಜ್ಜ ನಿಂತು ನೋಡುತ್ತಿದ್ದಾರೆ. ಗೊನೆಯನ್ನು ಹೆಗಲಿಗೆ ಏರಿಸಿದೆ, ನಡೆದೆ. ಗೊನೆಯ ಹಾಲು ಅಂಗಿಗೆ ಅಂಟುತ್ತದೆಂದು ಹೆಂಡತಿ ಹಿಂದಿನಿಂದ ಗೊಣಗುತ್ತಿದ್ದಳು, ನಾನು ಅದು ಅಂಟದಂತೆ ಗೊನೆಯನ್ನು ಹೊರಳಿಸುವುದರಲ್ಲಿದ್ದೆ. ಎದುರಿನಿಂದ ಶಾಲೆಯ ಚೀಲದ ಹುಡುಗನೊಬ್ಬ ಬಂದ, ಶನಿವಾರದ ಅರ್ಧ ದಿನ ಮುಗಿಸಿ. ಗೊನೆಯನ್ನು ನೋಡಿ ತಾನೇ ಬದಿಗೆ ಅಂಟಿಕೊಂಡು ದಾರಿ ಬಿಟ್ಟ. ಹೊರೆಯಿದ್ದವರಿಗೆ ದಾರಿ ಬಿಡುವುದು ಅಲ್ಲಿಯ ಕಾನೂನು. ನನ್ನನ್ನು ಏನೂ ಕೇಳಲಿಲ್ಲ.

ಈಚೆ ದಡದಲ್ಲಿ ಗೆಳೆಯ ಸೌಟು ಸಿಕ್ಕ ಸಂತೋಷದಲ್ಲಿದ್ದ. "ಹೇಗಿತ್ತು ಸೇತುವೆ?" ಎಂದ. ಬರುವಾಗ ಅದರ ಮೇಲೆ ಬಂದೆನೆಂಬುದು ನನಗೆ ಆಗ ನೆನಪಾಯಿತು.

ಗೊನೆ ತುಮಕೂರಿಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಎಂಟು ದಿನ ನೇತಾಡಿ ಹಣ್ಣಾಯಿತು. ಮೊಳೆ ಹೊಡೆದದ್ದು ನಾನಲ್ಲ. ಹೆಂಡತಿ ಎದುರು ಮನೆಗೂ ಪಕ್ಕದ ಮನೆಗೂ ಒಂದೊಂದು ಚಿಪ್ಪು ಕೊಡಲು ಹೋದಾಗ ನಾನು ವರಾಂಡದಲ್ಲಿ ಪೇಪರ್ ಓದುತ್ತಿದ್ದೆ.

"ಎಷ್ಟು ಚೆನ್ನಾಗಿದೆ! ಎಲ್ಲಿ ತಂದ್ರಿ?" ಎಂದರು ಪಕ್ಕದ ಮನೆಯವರು.

"ಸುಳ್ಯದಿಂದ. ಗೌಡರ ಮನೆಯದು."

"ಯಾವ ಗೌಡರು?"

"ನಮ್ಮೋರೇ," ಎಂದಳು ಹೆಂಡತಿ. "ಸಂಕದ ಆಚೆಯವರು."